ಓಡಿ ತೋರಿಸಿದ ಉತ್ತರ



ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಸಾರ್ವಜನಿಕ ರಜೆ ಉಂಟು. ಅದರ ಹೆಸರು 'ದೇಶಭಕ್ತರ ದಿನ'. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಊರುಗಳಲ್ಲಿ ಬ್ರಿಟಿಷ್ ಸೈನ್ಯದೊಡನೆ ನಡೆದ ಮೊದಲ ಕಾಳಗಗಳ ನೆನಪಿಗಾಗಿ ಈ ರಜೆ. ಅಂದು ಜನರು ಮಕ್ಕಳುಮರಿಗಳೊಂದಿಗೆ ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತಾರೆ. ಏಕೆಂದರೆ ಹಾಪ್ಕಿಂಟನ್ ಎಂಬ ಚಿಕ್ಕ ಊರಿನಿಂದ ಬಾಸ್ಟನ್ ನಗರದವರೆಗೆ ಅಂದು ಮ್ಯಾರಥಾನ್ ಓಟ ನಡೆಯುತ್ತದೆ. 1897ರಲ್ಲಿ ಆರಂಭವಾದ ಈ ಓಟದ ಈಗಿನ ದೂರ 42.195 ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ಮೈಸೂರಿನಿಂದ ಮಂಡ್ಯದವರೆಗೆ ಓಡಿದಷ್ಟು.

ಈ ಓಟಕ್ಕೆ 1966ರಲ್ಲಿ ರಾಬರ್ಟಾ ಗಿಬ್ ಎಂಬ 23 ವರ್ಷದ ತರುಣಿ ಅರ್ಜಿ ಸಲ್ಲಿಸಿದರು. ಆಕೆ ಯಾವ ಸಂಸ್ಥೆಯ ಕ್ರೀಡಾಪಟುವೂ ಅಲ್ಲ, ತರಬೇತುದಾರರೂ ಇರಲಿಲ್ಲ. ಓಡುವುದು ಇಷ್ಟವೆಂದು ಓಡುತ್ತಿದ್ದವರು. ಎರಡು ವರ್ಷ ಅಭ್ಯಾಸ ಮಾಡಿ ಮ್ಯಾರಥಾನಿಗಿಂತ ಹೆಚ್ಚು ದೂರವನ್ನೂ ಓಡಿದ್ದರು. ಅರ್ಜಿಗೆ ಬಂದ ಉತ್ತರದಲ್ಲಿ ಎರಡು ಮಾತುಗಳಿದ್ದವು. ಒಂದು, ಹೆಂಗಸರಿಗೆ ಅಷ್ಟು ದೂರದ ಓಟಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಎರಡು, ಹೆಣ್ಣಿನ ಶರೀರಕ್ಕೆ ಆ ಸಾಮರ್ಥ್ಯವೇ ಇಲ್ಲ.

ಮೊದಲನೆಯದು ನಿಯಮದ ಮಾತು. ಎರಡನೆಯದು ವಿಜ್ಞಾನದ ವೇಷ ತೊಟ್ಟ ಮಾತು. ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು ನಾನು. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಮೊದಲ ಪಾಠವೆಂದರೆ, ಊಹೆ ಎಷ್ಟೇ ಸಹಜವಾಗಿ ಕಂಡರೂ ಪರೀಕ್ಷೆಗೆ ಒಡ್ಡದೆ ಒಪ್ಪಬಾರದು. ಇಲ್ಲಿ ಆಗಿದ್ದೇನು? 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಮಹಿಳೆಯರು ದಣಿದು ಕುಸಿದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಅದಾದ ಮೇಲೆ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಅವರಿಗೆ ಆ ಓಟವೇ ಇರಲಿಲ್ಲ. ಓಟ ಮುಗಿಸಿದ ಗಂಡಸರೂ ದಣಿದು ಕುಸಿಯುವುದುಂಟು. ಅದನ್ನು ಯಾರೂ ಗಂಡಸಿನ ಶರೀರದ ದೋಷವೆಂದು ಬರೆಯಲಿಲ್ಲ. ಓಡಲು ಬಿಡಲಿಲ್ಲ, ಓಡಿದವರಿಲ್ಲ ಎಂಬುದನ್ನೇ ಓಡಲಾರರು ಎಂಬುದಕ್ಕೆ ಆಧಾರ ಮಾಡಿಕೊಂಡರು.

1966ರ ಏಪ್ರಿಲ್ 19. ರಾಬರ್ಟಾ ಸಹೋದರನ ಚಡ್ಡಿ ತೊಟ್ಟು, ತಲೆ ಮುಚ್ಚುವ ಟೊಪ್ಪಿಗೆಯ ಅಂಗಿ ಹಾಕಿಕೊಂಡು ಹಾಪ್ಕಿಂಟನ್ನಿನ ಪೊದೆಯೊಂದರ ಮರೆಯಲ್ಲಿ ಕುಳಿತರು. ಓಟ ಆರಂಭವಾಗಿ ಅರ್ಧದಷ್ಟು ಜನ ಮುಂದೆ ಹೋದ ಮೇಲೆ ಗುಂಪಿನಲ್ಲಿ ಸೇರಿಕೊಂಡರು. ಹಿಂದೆ ಬರುತ್ತಿದ್ದ ಗಂಡಸರಿಗೆ ಬಹುಬೇಗ ಗುರುತು ಹತ್ತಿತು. ಅವರು ದೂರು ಹೇಳಲಿಲ್ಲ; ಯಾರಾದರೂ ಹೊರಗೆ ಹಾಕಲು ಬಂದರೆ ನಾವು ಬಿಡುವುದಿಲ್ಲ ಎಂದು ಧೈರ್ಯ ತುಂಬಿದರು. ಸೆಕೆ ತಾಳಲಾರದೆ ಆಕೆ ಮೇಲಂಗಿ ತೆಗೆದಾಗ, ಓಡುತ್ತಿರುವವಳು ಹೆಣ್ಣು ಎಂಬುದು ರಸ್ತೆಬದಿಯ ಜನಕ್ಕೂ ತಿಳಿಯಿತು. ವೆಲ್ಸ್‌ಲಿ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರು ಕೂಗಿ ಹುರಿದುಂಬಿಸಿದರು.

ಸುಮಾರು 30 ಕಿಲೋಮೀಟರ್ ಆಗುವ ಹೊತ್ತಿಗೆ ಈ ದಾರಿಯಲ್ಲಿ ನ್ಯೂಟನ್ನಿನ ಏರುಗಳು ಎದುರಾಗುತ್ತವೆ. ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಶೇಖರವಾಗಿರುವ ಗ್ಲೈಕೋಜನ್ ಎಂಬ ಇಂಧನ ಕ್ಷೀಣಿಸುವುದೂ ಸಾಮಾನ್ಯವಾಗಿ ಆ ಹೊತ್ತಿಗೇ. ಗಂಡಸಿಗಾದರೂ ಹೆಂಗಸಿಗಾದರೂ ಕಾಲಿನ ಸ್ನಾಯು ಉರಿಸುವುದು ಇದೇ ಇಂಧನವನ್ನು. ಓಡುವಾಗ ನೀರು ಕುಡಿದರೆ ಸ್ನಾಯು ಸೆಳೆತ ಬರುತ್ತದೆ ಎಂಬ ಅಂದಿನ ನಂಬಿಕೆಯಂತೆ ಆಕೆ ನೀರನ್ನೂ ಮುಟ್ಟಿರಲಿಲ್ಲ. ಅದೂ ಪರೀಕ್ಷಿಸದ ಇನ್ನೊಂದು ನಂಬಿಕೆ! ಹೊಸ ಬೂಟು ಕಚ್ಚಿ ಪಾದದಲ್ಲಿ ಬೊಬ್ಬೆ ಎದ್ದಿತ್ತು. ವೇಗ ಕುಗ್ಗಿದರೂ ಆಕೆ ನಿಲ್ಲಲಿಲ್ಲ. ಗುರಿ ಮುಟ್ಟಿದಾಗ ಆಗಿದ್ದ ಕಾಲ 3 ಗಂಟೆ 21 ನಿಮಿಷ 40 ಸೆಕೆಂಡು. ಓಟಗಾರರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಆಕೆಯ ಹಿಂದಿದ್ದರು. ರಾಜ್ಯದ ಗವರ್ನರ್ ಬಂದು ಕೈ ಕುಲುಕಿದರು.

ಆದರೂ ನಿಯಮ ಮರುದಿನವೇ ಬದಲಾಗಲಿಲ್ಲ. ಬಾಸ್ಟನ್ ಓಟದಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ; ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ರಾಬರ್ಟಾ 1966, 1967 ಮತ್ತು 1968ರ ಮಹಿಳಾ ವಿಜೇತೆ ಎಂದು ಸಂಘಟಕರು ಒಪ್ಪಿಕೊಂಡದ್ದು 1996ರಲ್ಲಿ, ಮೊದಲ ಓಟದ ಮೂವತ್ತು ವರ್ಷಗಳ ನಂತರ.

ಮಿತ್ರರೆ, ಇದನ್ನು ಕೇಳಿ ನಾಳೆಯೇ 42 ಕಿಲೋಮೀಟರ್ ಓಡಲು ಹೊರಡಬೇಡಿ. ಆಕೆಯ ಮೂರು ಗಂಟೆಯ ಹಿಂದೆ ಎರಡು ವರ್ಷದ ಅಭ್ಯಾಸವಿತ್ತು. ಆದರೆ ನಿಮ್ಮಲ್ಲಿ ಒಬ್ಬಳಿಗೆ 'ಗಣಿತ ಹುಡುಗಿಯರಿಗಲ್ಲ' ಎಂದೋ, ಒಬ್ಬನಿಗೆ 'ಹಳ್ಳಿಯಿಂದ ಬಂದವನಿಗೆ ಇದು ಹತ್ತುವುದಿಲ್ಲ' ಎಂದೋ ಯಾರಾದರೂ ಹೇಳಿದರೆ ಸಿಟ್ಟಾಗುವುದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಇದನ್ನು ಯಾರು, ಯಾವಾಗ ಪರೀಕ್ಷಿಸಿ ನೋಡಿದ್ದಾರೆ? ಉತ್ತರ ಸಿಗದಿದ್ದರೆ ಅಭ್ಯಾಸ ಆರಂಭಿಸಿ. ಪರೀಕ್ಷೆ ನಿಮ್ಮಿಂದಲೇ ಆಗಲಿ.