ಹತ್ತಿಕಾಳಿನೊಳಗಿನ ಕರಿಚುಕ್ಕಿ

ಒಂದು ಹತ್ತಿಕಾಳನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದರೆ ಒಳಗಿನ ತಿಳಿಹಳದಿ ತಿರುಳಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕರಿಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದು ಗ್ರಂಥಿ. ಅದರೊಳಗೆ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಹುಳುಹುಪ್ಪಟೆ ತನ್ನನ್ನು ತಿನ್ನದಿರಲೆಂದು ಹತ್ತಿ ಗಿಡ ಮಾಡಿಕೊಂಡ ಕಾವಲು ಅದು. ಬೀಜದಲ್ಲಷ್ಟೇ ಅಲ್ಲದೆ ಎಲೆಯಲ್ಲಿ, ಬೇರಿನ ಸಿಪ್ಪೆಯಲ್ಲೂ ಇದೆ. ನಮ್ಮ ಧಾರವಾಡ, ರಾಯಚೂರು ಸೀಮೆಯಲ್ಲಿ ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಎಂದರೆ ಹಾಲು ಕೊಡುವ ಎಮ್ಮೆಗೆ ಇಡುವ ಮೇವು. ಎಮ್ಮೆಗೆ ಅದು ದಕ್ಕುತ್ತದೆ, ಯಾಕೆಂದರೆ ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಗಾಸಿಪಾಲ್ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಎಳೆಗರುವಿಗೆ, ಕೋಳಿಗೆ, ಹಂದಿಗೆ ಆ ಅನುಕೂಲವಿಲ್ಲ, ಮನುಷ್ಯನಿಗೂ ಇಲ್ಲ. ಗಿಡಮೂಲಿಕೆಯಿಂದ ಏನೂ ತೊಂದರೆಯಾಗದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಮಾತು ಎಷ್ಟು ನಿಲ್ಲುತ್ತದೆ ಎಂದು ತೂಗಿ ನೋಡುವುದಕ್ಕೆ ಹತ್ತಿಯ ಚರಿತ್ರೆಗಿಂತ ಒಳ್ಳೆಯ ತಕ್ಕಡಿ ನನಗೆ ಕಾಣದು.

ಈ ಚರಿತ್ರೆಯ ಮೊದಲ ಅಧ್ಯಾಯ ಅಮೆರಿಕದ ದಕ್ಷಿಣ ರಾಜ್ಯಗಳದು, ನೋವಿನದು. 1662ರಲ್ಲಿ ವರ್ಜೀನಿಯಾದಲ್ಲಿ ಬಂದ ಕಾನೂನಿನಂತೆ ಗುಲಾಮ ತಾಯಿಗೆ ಹುಟ್ಟಿದ ಮಗು ಹುಟ್ಟುತ್ತಲೇ ಗುಲಾಮ. 1808ರಿಂದ ಆಫ್ರಿಕಾದಿಂದ ಜನರನ್ನು ತರುವುದಕ್ಕೆ ಅಮೆರಿಕದಲ್ಲಿ ನಿಷೇಧ ಬಂದ ಮೇಲಂತೂ ತೋಟದ ಮಾಲೀಕನ ಲೆಕ್ಕದಲ್ಲಿ ಆಕೆಯ ಹೆರಿಗೆಯೇ ಆದಾಯವಾಯಿತು. ಹಗಲೆಲ್ಲ ಹತ್ತಿ ಬಿಡಿಸುತ್ತಿದ್ದ ಆ ಹೆಂಗಸರು ಅದೇ ಗಿಡದ ಬೇರಿನ ಸಿಪ್ಪೆಯನ್ನು ಅಗಿದು, ಕಷಾಯ ಮಾಡಿ ಕುಡಿದು ಬಸಿರು ಇಳಿಸಿಕೊಳ್ಳುತ್ತಿದ್ದರು. ಇದನ್ನು ಬರೆದಿಟ್ಟವರು ಅವರಲ್ಲ. 1840ರಿಂದ ಈಚೆಗೆ ದಕ್ಷಿಣದ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಮಾಡಿದ ದೂರಿನಿಂದ ನಮಗೆ ಇದು ತಿಳಿದಿದೆ. ಮುಂದೆ ಅದೇ ಬೇರುಸಿಪ್ಪೆ ಅಮೆರಿಕದ ಅಧಿಕೃತ ಔಷಧಸೂಚಿಯನ್ನೂ ಸೇರಿತು. ಎಷ್ಟು ಮಂದಿಗೆ ಅದು ಫಲ ಕೊಟ್ಟಿತು, ಎಷ್ಟು ಮಂದಿ ರಕ್ತ ಹರಿದು ತೀರಿಕೊಂಡರು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಮೂಲಿಕೆಯ ಕೀರ್ತಿ ಬೆಳೆಯುವುದು ಹೀಗೆಯೇ: ಬದುಕಿ ಉಳಿದವರ ಬಾಯಿಂದ ಬಾಯಿಗೆ.

ಲೆಕ್ಕ ಇಟ್ಟವರು ಚೀನಾದವರು. ಜಿಯಾಂಗ್‌ಸು ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಸಂಸ್ಕರಿಸದ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಕಾಲದಲ್ಲಿ ವರ್ಷಗಟ್ಟಲೆ ಮಕ್ಕಳೇ ಹುಟ್ಟಲಿಲ್ಲ ಎಂಬ ಸಂಗತಿಯನ್ನು ಲಿಯು ಬಾವೋಶಾನ್ ಎಂಬ ವೈದ್ಯರು 1957ರಲ್ಲಿ ಪ್ರಕಟಿಸಿದರು. ಬೀಜವನ್ನು ಚೆನ್ನಾಗಿ ಬಿಸಿ ಮಾಡಿ ಅರೆಯುವ ಹಳೆಯ ಪದ್ಧತಿಯಲ್ಲಿ ಗಾಸಿಪಾಲ್ ಬಹುಮಟ್ಟಿಗೆ ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತಿತ್ತು. ಹಸಿಬೀಜವನ್ನೇ ಹಿಂಡುವ ಯಂತ್ರ ಬಂದಲ್ಲಿ ಅದು ನೇರವಾಗಿ ಎಣ್ಣೆಗೆ ಇಳಿಯಿತು. ಗಿಡ ಅದೇ, ಬೀಜ ಅದೇ, ಬದಲಾದದ್ದು ಒಲೆಯ ಶಾಖ ಮಾತ್ರ. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಶುದ್ಧ ಗಾಸಿಪಾಲನ್ನು ಗಂಡಸರ ಗರ್ಭನಿರೋಧಕ ಗುಳಿಗೆಯಾಗಿಸಿ 8 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿಗೆ ಕೊಟ್ಟು ನೋಡಿದರು. ಆರಂಭದಲ್ಲಿ ದಿನಕ್ಕೆ 20 ಮಿಲಿಗ್ರಾಂ, ಅಂದರೆ ಚಿಟಿಕೆಗೂ ಸಿಗದಷ್ಟು. ನೂರಕ್ಕೆ ತೊಂಬತ್ತೊಂಬತ್ತರ ಹತ್ತಿರ ಫಲ ಸಿಕ್ಕಿತು. ಹಳ್ಳಿಯ ಅನುಭವ ಸುಳ್ಳಾಗಿರಲಿಲ್ಲ. ಆದರೆ ಎಣಿಕೆ ಮುಂದುವರಿದಂತೆ ಇನ್ನೆರಡು ಸಂಗತಿ ಹೊರಬಿದ್ದವು. ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಕೈಕಾಲು ಬಲ ಕಳೆದುಕೊಂಡವು. ಗುಳಿಗೆ ನಿಲ್ಲಿಸಿದ ಮೇಲೂ ಹತ್ತರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಹೆಚ್ಚು ಮಂದಿಗೆ, ವೀರ್ಯಾಣು ಮರಳಲೇ ಇಲ್ಲ.

ಇಲ್ಲಿ ಕೆಲವರು ಕೇಳಬಹುದು: ಸಾವಿರಾರು ವರ್ಷ ಹಿರಿಯರು ಬಳಸಿ ನೋಡಿದ್ದಕ್ಕಿಂತ ದೊಡ್ಡ ಪರೀಕ್ಷೆ ಉಂಟೆ? ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. ಹೊಟ್ಟೆನೋವು ಇಳಿಯಿತೇ, ಭೇದಿ ನಿಂತಿತೇ, ಗಾಯ ಮಾಗಿತೇ ಎಂಬುದನ್ನು ಹಿರಿಯರ ಕಣ್ಣು ಸರಿಯಾಗಿಯೇ ಕಂಡಿದೆ, ಏಕೆಂದರೆ ಕಾರಣಕ್ಕೂ ಫಲಕ್ಕೂ ನಡುವೆ ದಿನವೊಪ್ಪತ್ತಿನ ಅಂತರ. ಸಂತಾನದ ವಿಷಯ ಹಾಗಲ್ಲ. ಇಂದು ತಿಂದದ್ದರ ಫಲ ವರ್ಷ ಕಳೆದು ಕಾಣುತ್ತದೆ, ಅಷ್ಟರಲ್ಲಿ ನೂರು ಬೇರೆ ಕಾರಣ ಬಂದು ಸೇರಿರುತ್ತವೆ. ಜಿಯಾಂಗ್‌ಸುವಿನ ಆ ಊರಿನವರು ದಿನಾ ಉಣ್ಣುವ ಎಣ್ಣೆಯನ್ನೇ ಅನುಮಾನಿಸದೆ ವರ್ಷಗಳನ್ನು ಕಳೆದದ್ದು ದಡ್ಡತನದಿಂದಲ್ಲ. ಅಷ್ಟು ನಿಧಾನದ ಹಾನಿ ಬರಿಗಣ್ಣಿಗೆ ಸಿಗುವಂಥದ್ದೇ ಅಲ್ಲ. ಮಕ್ಕಳಾಗದ ತಪ್ಪನ್ನು ಹೆಂಗಸಿನ ತಲೆಗೇ ಕಟ್ಟುವ ಸಮಾಜದಲ್ಲಂತೂ ಗಂಡಸಿನ ತಟ್ಟೆಯ ಕಡೆ ನೋಡುವವರಾರು? ಇನ್ನೊಂದು ಆಕ್ಷೇಪವೂ ಇದೆ: ಲಾಭವಿಲ್ಲವೆಂದು ಔಷಧ ಕಂಪನಿಗಳೇ ಗಿಡಮೂಲಿಕೆಗಳನ್ನು ತುಳಿಯುತ್ತವೆ ಎಂದು. ಹಾಗೆ ನಡೆಯುವುದೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಗಾಸಿಪಾಲನ್ನು ಕೈಗೆತ್ತಿಕೊಂಡದ್ದು ಜನಸಂಖ್ಯೆ ತಗ್ಗಿಸುವ ಹಂಬಲದಲ್ಲಿದ್ದ ಸರ್ಕಾರ. ಅಗ್ಗದ ಗುಳಿಗೆ ಅದಕ್ಕೆ ಬೇಕೇ ಬೇಕಿತ್ತು. ಅಂಥ ಸರ್ಕಾರವೂ ತನ್ನದೇ ಅಂಕಿಗಳನ್ನು ಕಂಡು ಆ ಗುಳಿಗೆಯನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯೂ ಹಿಂದೆ ಸರಿಯಿತು.

ಮದ್ದಾಗಿ ಸೋತ ಮಾತ್ರಕ್ಕೆ ಈ ಗಿಡದ ಕಥೆ ಮುಗಿದಿಲ್ಲ. ಒಂದು ಕಿಲೋ ಅರಳೆಗೆ ಒಂದೂವರೆ ಕಿಲೋಗೂ ಮಿಕ್ಕಿ ಬೀಜ ಬರುತ್ತದೆ, ಅದರಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಪ್ರೋಟೀನಿದೆ. ಸಂಸ್ಕರಿಸುವಾಗ ಗಾಸಿಪಾಲ್ ತೆಗೆಯುವುದರಿಂದ ಎಣ್ಣೆ ಇಂದು ಊಟಕ್ಕೆ ಯೋಗ್ಯ, ತಿರುಳು ಮಾತ್ರ ಮನುಷ್ಯರ ತಟ್ಟೆಗೆ ಬಂದದ್ದು ಅಪರೂಪ. ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿರುವ ಭಾರತ ಮೂಲದ ವಿಜ್ಞಾನಿ ಕೀರ್ತಿ ರಾಥೋಡ್ ಮತ್ತು ಸಂಗಡಿಗರು ಬೀಜದಲ್ಲಿ ಮಾತ್ರ ಗಾಸಿಪಾಲ್ ತಯಾರಾಗದಂತೆ ವಂಶವಾಹಿಯನ್ನು ಮೌನವಾಗಿಸಿದ ಹತ್ತಿಯನ್ನು ರೂಪಿಸಿದರು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅದರ ಬೀಜವನ್ನು ಜನ ತಿನ್ನಬಹುದೆಂದು ಒಪ್ಪಿತು. ಆ ಗಿಡದ ಎಲೆಯಲ್ಲಿ, ಬೇರಿನಲ್ಲಿ ಕರಿಚುಕ್ಕಿಯ ಕಾವಲು ಹಾಗೆಯೇ ಇದೆ, ಹುಳು ಬಂದರೆ ತಡೆಯಲು.