ವೈದ್ಯ ವಿದ್ಯಾರ್ಥಿಗಳಿಗೆ ಊಟದ ಲೆಕ್ಕ
(ಪಲ್ಲಾವರಂನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಿಗೂ ವೈದ್ಯಶಿಕ್ಷಣಕ್ಕೂ ಏನು ನಂಟೆಂದು ತಾವು ಕೇಳಬಹುದು. ನಂಟು ಲೆಕ್ಕದ್ದು. ನಮ್ಮ ಶಾಖೆಯ ತನಿಖೆಗೆ ಬಂದ ಅಧಿಕಾರಿ "ಎಲ್ಲ ಸರಿಯಾಗಿದೆಯೇ?" ಎಂದು ಕೇಳಿ ಹೊರಟುಹೋಗುವುದಿಲ್ಲ, ಲೆಕ್ಕ ತೆರೆಸಿ ನೋಡುತ್ತಾರೆ. ರೋಗಿಯ ಊಟದ ವಿಷಯದಲ್ಲಿ ಮಾತ್ರ ಅನೇಕ ವೈದ್ಯರು ಲೆಕ್ಕ ತೆರೆಸುವುದೇ ಇಲ್ಲ.

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆಯೆಂದು ತಿಳಿದ ದಿನ ವೈದ್ಯರೊಬ್ಬರು ಅಚ್ಚಾದ ಚೀಟಿಯೊಂದನ್ನು ಕೊಟ್ಟರು. ಓಟ್ಸ್, ಆಲಿವ್ ಎಣ್ಣೆ, ಸೇಬು ಎಂದು ಅದರಲ್ಲಿತ್ತು. ತಂದೆಯವರು ತುಮಕೂರಿನ ಕಡೆಯವರು. ಈ ಊರಿಗೆ ಬಂದ ಮೇಲೆ ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಒಗ್ಗಿಕೊಂಡವರು. ಎಷ್ಟು ಅನ್ನ, ಯಾವ ಪಲ್ಯ, ತಿಂಗಳ ಕೊನೆಯಲ್ಲಿ ಏನು ಗತಿ ಎಂದು ಯಾರೂ ಕೇಳಲಿಲ್ಲ. ಚೀಟಿ ಪಂಚಾಂಗದೊಳಗೆ ಭದ್ರವಾಗಿ ಉಳಿಯಿತು. ಮೂರು ವರ್ಷದಲ್ಲಿ ಅವರ ಕಾಲಿನ ಒಂದು ಬೆರಳು ಹೋಯಿತು.

ತಿಳಿವಳಿಕೆಗೆ ಕೊರತೆಯಿದ್ದು ಹೀಗಾಯಿತೆನ್ನುವಂತಿಲ್ಲ. ಹಳೆಯ ಮದರಾಸು ಪ್ರಾಂತದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು 1918ರಲ್ಲೇ ಆಹಾರ ಸಂಶೋಧನೆಗೆ ತೊಡಗಿದರು. ಇಲಿಗಳನ್ನು ಗುಂಪುಗಳಾಗಿ ಮಾಡಿ, ನಮ್ಮ ದೇಶದ ಬೇರೆ ಬೇರೆ ಜನರ ಊಟವನ್ನು ಒಂದೊಂದಕ್ಕೆ ಬಡಿಸಿದರು. ತೂಗಿದಾಗ ಸಿಖ್ಖರ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಸರಾಸರಿ 235 ಗ್ರಾಂ. ಕನ್ನಡಿಗರ ಊಟದವು 185. ಪಾಲಿಶ್ ಅಕ್ಕಿಯ ಮದರಾಸಿ ಊಟದವು 155. ಏಳರಲ್ಲಿ ನಮ್ಮದು ಐದನೆಯ ಸ್ಥಾನ. (ಮದರಾಸಿನಲ್ಲಿ ನೆಲಸಿದ ಕನ್ನಡಿಗರ ಊಟವನ್ನು ಅವರು ಪರೀಕ್ಷಿಸಲಿಲ್ಲ, ನಮ್ಮ ಪುಣ್ಯ!) ಇಲಿಯ ಲೆಕ್ಕ ಮನುಷ್ಯನಿಗೆ ಹಾಗೆಯೇ ಹೊಂದದು, ನಿಜ. ಆದರೆ ಜನ ನಿಜವಾಗಿ ಉಣ್ಣುವುದೇನೆಂದು ಅವರು ಮೊದಲು ನೋಡಿದರು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ.

2019ರಿಂದ ಜಾರಿಯಾದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ, ಸ್ಥಳದಲ್ಲಿ ಸಿಗುವ ಪದಾರ್ಥ ಮತ್ತು ಮನೆಯ ವರಮಾನ ನೋಡಿ ಪಥ್ಯ ಗೊತ್ತುಮಾಡಲು ಕಲಿಸಬೇಕೆಂದಿದೆ. ಬಹಳ ಸರಿ. ಆದರೆ ಅದು ಕಲ್ಪಿತ ಸನ್ನಿವೇಶದಲ್ಲಿ ನಡೆದರೂ ಸಾಕಂತೆ! ನೀರಿಗಿಳಿಯದೆ ಈಜು ಕಲಿಸಿದಂತಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿದ್ದಾರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿದೆ. ಅವರಲ್ಲಿ ಯಾರೂ ಕಲ್ಪಿತರಲ್ಲ.

ನನ್ನ ಸಲಹೆ ಸರಳ. ವಿದ್ಯಾರ್ಥಿಯ ಕೈಗೆ 200 ರೂಪಾಯಿ ಕೊಟ್ಟು ಅಂಗಡಿ ಬೀದಿಗೆ ಕಳುಹಿಸಿ, ನಾಲ್ವರ ಒಂದು ದಿನದ ಊಟಕ್ಕೆ ಸಾಮಾನು ತರಲಿ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ ಎಂದು ರೋಗಿಯನ್ನು ಕೇಳಿ ಬರೆಯುವ ಕ್ರಮವೊಂದುಂಟು. ಅದನ್ನು ಅಡುಗೆಮನೆಯಲ್ಲಿ ಕುಳಿತು, ಅಕ್ಕಿ ಅಳೆಯುವ ಪಾವನ್ನೇ ನೋಡಿ ಬರೆದುಕೊಳ್ಳಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು, ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರದೆ ಇರದು ಎಂಬುದನ್ನೂ ಅಲ್ಲೇ ಕಾಣುತ್ತಾರೆ.

ಒಬ್ಬೊಬ್ಬ ವಿದ್ಯಾರ್ಥಿಯೂ ಕೆಲವು ಕುಟುಂಬಗಳ ಆರೋಗ್ಯವನ್ನು ನೋಡಿಕೊಳ್ಳುವ ಏರ್ಪಾಡು ಈಗ ಕಾಲೇಜುಗಳಲ್ಲಿದೆ. ಅದು ಬಹುಮಟ್ಟಿಗೆ ಹಳ್ಳಿಗಳಿಗಾಗಿ. ಹತ್ತಿರದ ಕಾಲೇಜಿಗೆ ನಮ್ಮ ಸಂಘ ಪತ್ರ ಬರೆದು, ನಮ್ಮ ಮನೆಗಳಿಗೂ ಬನ್ನಿರೆಂದು ಕರೆಯಲಿ. ಮೊದಲ ಮನೆ ನನ್ನದಾಗಲಿ. ತಾಯಂದಿರಲ್ಲಿ ಒಂದೇ ವಿಜ್ಞಾಪನೆ: ಆ ದಿನ ಹೋಳಿಗೆ ಮಾಡಬೇಡಿ, ಎಂದಿನ ಅಡುಗೆಯೇ ಇರಲಿ.