ಕ್ಲೋಸಿಂಗ್ ದಿನದ ಬಿಲ್



ಫ್ಲೋರಿಡಾದಲ್ಲಿ ಮನೆ ಮಾರಾಟದ ಟೈಟಲ್ ಮತ್ತು ಕ್ಲೋಸಿಂಗ್ ಕೆಲಸಕ್ಕೆ ನಾವು ಏಜೆಂಟರು ಹಾಕುವ ದರದ ಬಗ್ಗೆ ಮಾತಾಡಿ ಎಂದು ಹೇಳಿ ಸಂಘಟಕರು ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿದ್ದಾರೆ. ಒಂದೇ ಪೇಟೆಯಲ್ಲಿ ಪೈಪೋಟಿ ನಡೆಸುವ ಏಜೆಂಟರು ಹೀಗೆ ಒಂದೆಡೆ ಕೂತು ‘ಇಷ್ಟೇ ಫೀ ತಗೊಳ್ಳೋಣ’ ಎಂದು ಮಾತಾಡಿಕೊಂಡರೆ 1890ರ ಶರ್ಮನ್ ಕಾಯ್ದೆಯ ಪ್ರಕಾರ ಅದು ಅಪರಾಧ. ಆದ್ದರಿಂದ ಎಷ್ಟು ಎಂಬ ಮಾತು ನಿಮ್ಮ ನಿಮ್ಮ ಆಫೀಸಿನಲ್ಲೇ ಇರಲಿ. ಲೆಕ್ಕ ಹೇಗೆ ಹಾಕಬೇಕು, ಗಿರಾಕಿಗೆ ಹೇಗೆ ತೋರಿಸಬೇಕು ಎಂಬಷ್ಟನ್ನೇ ಇಲ್ಲಿ ಮಾತಾಡುತ್ತೇನೆ. ಕಾಫಿ ಬಿಡುವಿನಲ್ಲೂ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕನ್ನಡದ ಗಿರಾಕಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಬೆಂಗಳೂರಲ್ಲಿ ಇಸಿ ತೆಗೆಸಿ, ವಕೀಲರ ಹತ್ತಿರ ಲೀಗಲ್ ಒಪಿನಿಯನ್ ತಗೊಂಡ್ರೆ ಮುಗೀತಿತ್ತು. ಇಲ್ಲಿ ಅದರ ಮೇಲೆ ಇನ್ಶೂರೆನ್ಸ್ ಯಾಕೆ?’ ಅಮೆರಿಕದಲ್ಲೂ ಒಂದು ಕಾಲಕ್ಕೆ ವಕೀಲರ ಅಭಿಪ್ರಾಯವೇ ಕೊನೆಯ ಮಾತಾಗಿತ್ತು. ಪೆನ್ಸಿಲ್ವೇನಿಯಾದಲ್ಲಿ ಹಾಗೆ ನಂಬಿ ಆಸ್ತಿ ಕೊಂಡವರೊಬ್ಬರಿಗೆ ಆಮೇಲೆ ಹಳೆಯ ಋಣಭಾರ ಗಂಟುಬಿತ್ತು. ಪತ್ರ ನೋಡಿಕೊಟ್ಟವನು ನಿರ್ಲಕ್ಷ್ಯ ಮಾಡಿಲ್ಲ, ಆದ್ದರಿಂದ ನಷ್ಟ ತುಂಬಿಕೊಡಬೇಕಾಗಿಲ್ಲ ಎಂದು 1868ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1874ರಲ್ಲಿ ಅಂಥ ನಷ್ಟಕ್ಕೆ ವಿಮೆ ಮಾಡಲು ಅಲ್ಲಿ ಕಾನೂನು ಬಂತು, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ವಿಮಾ ಕಂಪನಿ ಹುಟ್ಟಿತು. ಭಾರತದಲ್ಲೂ 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್ ಟೈಟಲ್ ವಿಮೆಯ ಮಾತೆತ್ತಿದೆ. ಇಷ್ಟು ಹೇಳಿದರೆ ಗಿರಾಕಿಗೆ ವಿಮೆ ಯಾಕೆ ಎನ್ನುವುದು ಅರ್ಥವಾಗುತ್ತದೆ. ಬೆಲೆ ಯಾಕೆ ಇಷ್ಟು ಎನ್ನುವುದು ಅರ್ಥವಾಗುವುದಿಲ್ಲ.

ಕಾರಿನ ಇನ್ಶೂರೆನ್ಸಿನಲ್ಲಿ ಪ್ರೀಮಿಯಂನ ದೊಡ್ಡ ಪಾಲು ಅಪಘಾತದ ಪರಿಹಾರಕ್ಕೆ ಹೋಗುತ್ತದೆ. ನಮ್ಮಲ್ಲಿ ಪರಿಹಾರಕ್ಕೆ ಹೋಗುವುದು ನೂರು ಡಾಲರಿಗೆ ಐದರ ಆಸುಪಾಸು. ಉಳಿದದ್ದೆಲ್ಲ ದಾಖಲೆ ಹುಡುಕುವುದಕ್ಕೆ, ದೋಷ ಸರಿಪಡಿಸುವುದಕ್ಕೆ, ಆಫೀಸು ನಡೆಸುವುದಕ್ಕೆ, ಮತ್ತೆ, ಮುಚ್ಚುಮರೆ ಬೇಡ, ವ್ಯವಹಾರ ತಂದುಕೊಡುವವರನ್ನು ಓಲೈಸುವುದಕ್ಕೆ. ಮನೆ ಕೊಳ್ಳುವವರು ಟೈಟಲ್ ಕಂಪನಿಯನ್ನು ತಾವಾಗಿ ಆರಿಸುವುದು ಅಪರೂಪ, ರಿಯಲ್ಟರೋ ಲೆಂಡರೋ ಹೇಳಿದ ಕಡೆ ಹೋಗುತ್ತಾರೆ. ಹಾಗಾಗಿ ಈ ಉದ್ಯಮದಲ್ಲಿ ಬೆಲೆಯ ಪೈಪೋಟಿ ಸರಿಯಾಗಿ ನಡೆಯುತ್ತಿಲ್ಲ ಎಂಬರ್ಥದ ಮಾತನ್ನು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆ 2007ರಲ್ಲೇ ಬರೆದಿಟ್ಟಿದೆ. ಅದನ್ನು ಓದಿ ಸಿಟ್ಟಾದವರು ನಮ್ಮಲ್ಲಿದ್ದಾರೆ. ನನಗೆ ಅದರಲ್ಲಿ ಸುಳ್ಳು ಕಾಣಿಸಲಿಲ್ಲ.

ನಮ್ಮ ರಾಜ್ಯದಲ್ಲಿ ಪ್ರೀಮಿಯಂ ದರವನ್ನು ಸರ್ಕಾರವೇ ಗೊತ್ತುಮಾಡಿದೆ. ಮೊದಲ ಒಂದು ಲಕ್ಷ ಡಾಲರಿಗೆ ಸಾವಿರಕ್ಕೆ 5.75, ಅಲ್ಲಿಂದ ಹತ್ತು ಲಕ್ಷದವರೆಗೆ ಸಾವಿರಕ್ಕೆ 5 ಡಾಲರ್. ನಾಲ್ಕು ಲಕ್ಷದ ಮನೆಗೆ 2,075 ಡಾಲರ್. ಅದೇ ಹೊತ್ತಿಗೆ ಸಾಲ ಕೊಟ್ಟವರ ಪಾಲಿಸಿಯನ್ನೂ ಕೊಟ್ಟರೆ ಮೇಲೆ 25 ಡಾಲರ್, ಒಟ್ಟು 2,100. ಇಲ್ಲಿಯವರೆಗೆ ಲೆಕ್ಕ ನೆಟ್ಟಗಿದೆ. ಇನ್ನು ಅದನ್ನೇ 2015ರ ಅಕ್ಟೋಬರಿನಲ್ಲಿ ಜಾರಿಗೆ ಬಂದ, ಗಿರಾಕಿಗೆ ಕೊಡುವ ಫೆಡರಲ್ ನಮೂನೆಯಲ್ಲಿ ನೋಡಿ. ಸಾಲ 3,20,000 ಎಂದುಕೊಳ್ಳಿ. ಲೆಂಡರ್ ಪಾಲಿಸಿಗೆ ಪೂರಾ ದರ 1,675 ಬರೆಯಬೇಕು, ಮಾಲೀಕರ ಪಾಲಿಸಿಗೆ ಉಳಿದ 425! ಒಟ್ಟು ಮೊತ್ತ ಅದೇ, ಆದರೆ ಎರಡು ಸಾಲೂ ನಮ್ಮ ರಾಜ್ಯದ ದರಪಟ್ಟಿಗೆ ತಾಳೆಯಾಗುವುದಿಲ್ಲ. ನಮ್ಮ ಬಹುಪಾಲು ಕೌಂಟಿಗಳಲ್ಲಿ ಮಾಲೀಕರ ಪಾಲಿಸಿಯ ದುಡ್ಡು ಕೊಡುವುದು ಮಾರುವವರು. ಅವರಿಂದ ಹಿಡಿಯುವುದು 2,075, ನಮೂನೆಯ ಆ ಸಾಲಿನಲ್ಲಿರುವುದು 425. ಟೇಬಲ್ಲಿನ ಆಚೆ ಕೂತ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಇಲ್ಲೇ.

ಪ್ರೀಮಿಯಂ ವಿಷಯದಲ್ಲಿ ಈ ಗೋಜಲು ನಮ್ಮ ಕೈಮೀರಿದ್ದು. ಅದರ ಪಕ್ಕದಲ್ಲೇ ನಮ್ಮ ಕೈಯಲ್ಲಿರುವ ಒಂದೇ ಒಂದು ಬೆಲೆ, ಅಂದರೆ ಕ್ಲೋಸಿಂಗ್ ಫೀ, ಅದನ್ನಾದರೂ ನಾವು ನೆಟ್ಟಗಿಟ್ಟಿದ್ದೇವೆಯೇ? ಜಾಹೀರಾತಿನಲ್ಲಿ ಸಣ್ಣ ಅಂಕಿ ಹಾಕುತ್ತೇವೆ. ಆಮೇಲೆ ಕೊರಿಯರ್, ವೈರ್, ಇ-ರೆಕಾರ್ಡಿಂಗ್, ಕಡತ ಕಾಪಿಡುವ ಖರ್ಚು ಎಂದು ಒಂದೊಂದೇ ಸಾಲು ಸೇರಿಸುತ್ತೇವೆ. ಕೊರಿಯರೇ ಇಲ್ಲದ ಕಡತಕ್ಕೂ ಕೊರಿಯರ್ ಚಾರ್ಜು ಹಾಕಿದ್ದನ್ನು ಕಂಡಿದ್ದೇನೆ. ಕೌಂಟಿಗೆ ಕಟ್ಟುವ ದುಡ್ಡು ಬೇರೆ, ಅದು ಹಾಗೆಯೇ ಬೇರೆ ಸಾಲಿನಲ್ಲಿ ಇರಲಿ. ನಮ್ಮ ದುಡಿಮೆಯದೆಲ್ಲ ಸೇರಿ ಒಂದೇ ಮೊತ್ತ ಇರಲಿ, ಫೋನಿನಲ್ಲಿ ಹೇಳಿದ್ದೇ ಕ್ಲೋಸಿಂಗ್ ದಿನವೂ ಕಾಣಲಿ. ಮೊದಲ ನೋಟಕ್ಕೆ ಪಕ್ಕದವರಿಗಿಂತ ಹೆಚ್ಚು ಕಾಣುತ್ತದೆ, ನಿಜ. ಒಂದಷ್ಟು ಕಡತ ಕೈತಪ್ಪುತ್ತವೆ, ಅದೂ ನಿಜ.

ಹಾಗಂತ ಎಲ್ಲ ಕಡತಕ್ಕೂ ಒಂದೇ ಫೀ ಎನ್ನುವವನಲ್ಲ ನಾನು. ನಮ್ಮವರದೇ ಉದಾಹರಣೆ. ಎಚ್-1ಬಿ ಮೇಲೆ ಬಂದು ಟ್ಯಾಂಪಾದಲ್ಲಿ ಮನೆ ಕೊಂಡು, ಕೆಲವು ವರ್ಷದ ನಂತರ ಮೈಸೂರಿಗೆ ಮರಳಿದ ದಂಪತಿ, ಈಗ ಮನೆ ಮಾರುತ್ತಿದ್ದಾರೆ. ತೆರಿಗೆಯ ಕಣ್ಣಿಗೆ ಅವರು ಈಗ ವಿದೇಶಿ ಮಾರಾಟಗಾರರು. ಸಾಮಾನ್ಯವಾಗಿ ಮಾರಿದ ಬೆಲೆಯ ನೂರಕ್ಕೆ 15ರಷ್ಟನ್ನು ಹಿಡಿದು, ಕ್ಲೋಸಿಂಗ್ ಆದ 20 ದಿನದೊಳಗೆ ಐಆರ್‌ಎಸ್‌ಗೆ ಕಟ್ಟಬೇಕು. ಲಾಭದ ಮೇಲಲ್ಲ, ಪೂರಾ ಬೆಲೆಯ ಮೇಲೆ ಎಂದಾಗ ಯಜಮಾನರ ದನಿಯೇ ಬದಲಾಗುತ್ತದೆ. ಹೆಚ್ಚಿಗೆ ಹಿಡಿಯದಂತೆ ಮೊದಲೇ ಅರ್ಜಿ ಹಾಕಿಸಬೇಕು. ಸಹಿಗೆ ನೋಟರಿ ಬೇಕು. 2020ರಿಂದ ನಮ್ಮಲ್ಲಿ ಆನ್‌ಲೈನ್ ನೋಟರಿಗೆ ಅವಕಾಶವಿದೆ, ಆದರೆ ಲೆಂಡರ್, ಅಂಡರ್‌ರೈಟರ್ ಇಬ್ಬರೂ ಒಪ್ಪಬೇಕು. ಇಲ್ಲಿ ಬೆಳಗಾದಾಗ ಅಲ್ಲಿ ಸಂಜೆ. ಜೊತೆಗೆ, ಹಣ ಕಳಿಸುವ ಬ್ಯಾಂಕ್ ವಿವರವನ್ನು ಈಮೇಲ್ ಕಳ್ಳರು ತಿದ್ದಿಲ್ಲ ಎಂದು ಫೋನ್ ಮಾಡಿ ಖಾತ್ರಿಮಾಡಿಕೊಳ್ಳಬೇಕು. ನೆರೆಮನೆಯ ಸರಳ ಮಾರಾಟಕ್ಕೂ ಇದಕ್ಕೂ ಒಂದೇ ಫೀ ಹಾಕಿದರೆ, ಈ ಕಡತದ ದುಡಿಮೆಯ ದುಡ್ಡನ್ನು ಆ ನೆರೆಮನೆಯವರು ಕೊಟ್ಟಂತೆ. ವಾರಸುದಾರರ ತಕರಾರಿರುವ ಮನೆಯೂ ಹೀಗೇ. ಹೆಚ್ಚಿನ ಫೀ ಹಾಕಿ. ಆದರೆ ಕರಾರಿಗೆ ಸಹಿ ಬಿದ್ದ ವಾರದಲ್ಲೇ ಹೇಳಿ ಹಾಕಿ, ಕೊನೆಯ ದಿನ ಅಲ್ಲ.

ಮುರಿದುಬಿದ್ದ ಕಡತಗಳದು ಇನ್ನೊಂದು ತಲೆನೋವು. ಹುಡುಕಾಟ ಮುಗಿದಿರುತ್ತದೆ, ಸಾಲ ಮಂಜೂರಾಗುವುದಿಲ್ಲ, ನಮಗೆ ದುಡ್ಡು ಕೊಡುವವರಿಲ್ಲ. ಆ ಖರ್ಚು ಕ್ಲೋಸ್ ಆದವರ ತಲೆಗೇ ಬೀಳುತ್ತದೆ. ಎಷ್ಟು ಕಡತ ಮುರಿಯುತ್ತವೆ ಎಂದು ಬರೆದಿಡದೆ ಫೀ ಗೊತ್ತುಮಾಡುವವರು ಬರೀ ಅಂದಾಜಿನಲ್ಲಿ ಅಂಗಡಿ ನಡೆಸುತ್ತಿದ್ದಾರೆ.

ಇನ್ನು ರಿಯಲ್ಟರ್ ಆಫೀಸಿಗೆ ಹೋಗುವ ಊಟದ ಡಬ್ಬಿಗಳು. ಗಿರಾಕಿ ಕಳಿಸಿದ್ದಕ್ಕೆ ಪ್ರತಿಯಾಗಿ ಬೆಲೆಬಾಳುವ ಏನನ್ನೇ ಕೊಡುವುದನ್ನೂ 1974ರ ರೆಸ್ಪಾ ಕಾಯ್ದೆಯ 8ನೇ ಸೆಕ್ಷನ್ ನಿಷೇಧಿಸುತ್ತದೆ. ಡಬ್ಬಿಗೆ ‘ಮಾರ್ಕೆಟಿಂಗ್’ ಎಂದು ಹೆಸರಿಟ್ಟರೆ ಅದು ಬದಲಾಗುವುದಿಲ್ಲ. ಅದೇ ಹೊತ್ತಿಗೆ, ಪ್ರೀಮಿಯಂನಲ್ಲಿ ಏಜೆಂಟರ ಪಾಲಿಗೆ ಬರುವ ಹಣದಿಂದ ಗಿರಾಕಿಗೆ ರಿಯಾಯಿತಿ ಕೊಡುವುದನ್ನು ತಡೆಯುವಂತಿಲ್ಲ ಎಂದು ಫ್ಲೋರಿಡಾ ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ. ಡಬ್ಬಿಗೆ ಸುರಿಯುವ ದುಡ್ಡನ್ನು ಮನೆ ಕೊಳ್ಳುವವರಿಗೇ ಬಿಟ್ಟುಕೊಡುವ ದಾರಿ ಕಾನೂನಿನಲ್ಲೇ ಇದೆ. ಎಷ್ಟು ಜನ ಬಳಸುತ್ತಿದ್ದೀರಿ ಎಂದು ಕೈ ಎತ್ತಿಸುವುದಿಲ್ಲ.

2022ರಿಂದ, ಲೆಂಡರುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ ಕೆಲವು ಸಾಲಗಳಿಗೆ ಟೈಟಲ್ ಪಾಲಿಸಿಯ ಬದಲು ವಕೀಲರ ಅಭಿಪ್ರಾಯ ಪತ್ರವನ್ನೇ ಒಪ್ಪುತ್ತಿದೆ. ನಮ್ಮ ಕಡೆಯವರ ಹಳೆಯ ಲೀಗಲ್ ಒಪಿನಿಯನ್ನೇ ಸುತ್ತುಬಳಸಿ ಇಲ್ಲಿಗೆ ಬಂದಿದೆ ಅನ್ನಿ. ಅದರ ಮುಂದೆ ನಮ್ಮ ಬಿಲ್ ನಿಲ್ಲಬೇಕಾದರೆ ಒಂದೊಂದು ಸಾಲಿಗೂ ನಮ್ಮ ಬಳಿ ಜವಾಬಿರಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ಆನ್‌ಲೈನ್ ನೋಟರಿ ಮತ್ತು ವೈರ್ ವಂಚನೆಯ ಬಗ್ಗೆ ತಿಳಿದವರು ಮಾತಾಡುತ್ತಾರೆ. ಅದಕ್ಕೂ ಮೊದಲು ನಿಮ್ಮ ಪ್ರಶ್ನೆಗಳಿಗೆ ಸ್ವಲ್ಪ ಸಮಯವಿದೆ. ಎಷ್ಟು ಫೀ ಅಂತ ಮಾತ್ರ ಕೇಳಬೇಡಿ.